ಘೋಷಿತ ಮೌಲ್ಯ

ಸಾಗರ ರಸ್ತೆಯ ಮಂಡಿಯಲ್ಲಿ ಮೂವತ್ತೊಂದು ವರ್ಷ
ಅಡಿಕೆ ನೋಡಿದವನು ನಾನು.
ಮೂಟೆಯೊಳಗೆ ಕೈ ಇಳಿಸಿದರೆ ಸಾಕು,
ಸರಕೋ ಬೆಟ್ಟೆಯೋ ರಾಶಿಯೋ ಗೊರಬಲೋ
ಬೆರಳೇ ಹೇಳುತ್ತದೆ.
ಅನುಮಾನ ಬಂದರೆ ಅಡಕೊತ್ತು ಇದೆ:
ಒಂದು ಕಚ್, ಎರಡು ಹೋಳು,
ಒಳಗಿನ ಗೆರೆ ನೋಡಿ ದರ ಕೂಗುವುದು.

ಈಗ ನನ್ನ ಮುಂದೊಂದು ಅರ್ಜಿ.
ತಂದುಕೊಟ್ಟವನು ವಿನ್ಸೆಂಟ್ ಲೋಬೊ, ಕೊರಿಯರ್ ಆಫೀಸಿನವನು,
ಹಳೆ ಕಾಮಿಕ್ಸಿನ ಹುಚ್ಚ.
"ಸಮುದ್ರದಾಚೆ ಒಂದು ಕಂಪನಿ ಉಂಟು ಮಾರಾಯ್ರೆ,
ಪುಸ್ತಕ ಕಳಿಸಿದರೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು
ಗಾಜಿನಂಥ ಪ್ಲಾಸ್ಟಿಕ್ಕಿನಲ್ಲಿ ಬೆಸೆದು ವಾಪಸ್ ಕಳಿಸ್ತಾರೆ.
ನಿಮ್ಮದು ಮೊದಲ ಸಂಚಿಕೆ. ಚಿನ್ನ."

ನನ್ನದು 'ಗರುಡಗಂಬದ ಗೂಢಚಾರ',
ಬೆಲೆ ಎರಡು ರೂಪಾಯಿ,
ದುರ್ಗಿಗುಡಿಯ ಶೇಟರ ಬಾಡಿಗೆ ಲೈಬ್ರರಿ ಮುಚ್ಚಿದ ದಿನ
ತೂಕಕ್ಕೆ ಹೋಗುತ್ತಿದ್ದ ಕಟ್ಟಿನಿಂದ ಎಳೆದುಕೊಂಡದ್ದು.
ಪಿನ್ನಿಗೆ ತುಕ್ಕು. ಬೆನ್ನಿಗೆ ಸೆಲ್ಲೋಟೇಪು.
ಮುಖಪುಟದಲ್ಲಿ ಗೂಢಚಾರನ ಮೂಗಿನ ಮೇಲೆಯೇ
ನೇರಳೆ ಮೊಹರು: 'ಮಡಚಬಾರದು'.
ಎಲ್ಲರೂ ಮಡಚಿದ್ದಾರೆ.

ಹದಿನಾಲ್ಕನೆಯ ಪುಟದ ಅಂಚಿನಲ್ಲಿ ಪೆನ್ಸಿಲ್ ಬರಹ:
'ಇಲ್ಲಿ ನಿಲ್ಲು. ಉಸಿರು ಹಿಡಿ. ಈಗ ತಿರುಗಿಸು.'
ಕೆಳಗೆ ಸದಸ್ಯ ಸಂಖ್ಯೆ, ನಲವತ್ತೇಳು.
ಆ ಲೈಬ್ರರಿಯಿಂದ ನಾನು ಒಯ್ದ ಪ್ರತಿ ಪುಸ್ತಕವನ್ನೂ
ನನಗಿಂತ ಎರಡು ದಿನ ಮೊದಲು ಓದಿದ ನಲವತ್ತೇಳು.
ಹುಡುಗಿಯೋ, ಹುಡುಗನೋ, ಪೆನ್ಶನ್ ಅಜ್ಜನೋ,
ಶೇಟರು ಕೊನೆಗೂ ಹೇಳಲಿಲ್ಲ:
"ಬಾಡಿಗೆ ಪುಸ್ತಕಕ್ಕೆ ಕಣೋ, ಹೆಸರಿಗಲ್ಲ."
ನಾನು ನಿಂತೆ. ಉಸಿರು ಹಿಡಿದೆ. ತಿರುಗಿಸಿದೆ.

ಅರ್ಜಿಯ ನಾಲ್ಕನೆಯ ಕಾಲಂ: ಘೋಷಿತ ಮೌಲ್ಯ.
ನಿಮ್ಮ ಮಾಲಿನ ಬೆಲೆ ನೀವೇ ಹೇಳಿ,
ಹೇಳಿದ್ದಕ್ಕೆ ತಕ್ಕ ಶುಲ್ಕ.
ಕಡಿಮೆ ಹೇಳಿ ಹೆಚ್ಚು ಬಾಳಿದರೆ
ವ್ಯತ್ಯಾಸ ವಸೂಲಿ.
ಹೆಚ್ಚು ಹೇಳಿ ಕಡಿಮೆ ಬಾಳಿದರೆ
ಆ ಸಾಲೇ ಇಲ್ಲ.
ನಮ್ಮಲ್ಲೂ ನೂರಕ್ಕಿಷ್ಟು ಅಂತ ಕಮಿಷನ್ ಇದೆ, ಆದರೆ
ಅದು ದರ ಕೂಗಿ ಆದ ಮೇಲೆ.
ಇಲ್ಲಿ ಮೊದಲು ನಾನೇ ಕೂಗಬೇಕು.

"ಮಕ್ಕಳ ಹಾಗೆ ಒಣಗಿಸಿದ ಮಾಲು ಸ್ವಾಮಿ" ಅಂದವರಿಗೆ
ನಾನು ಎಂದೂ ಒಂದು ರೂಪಾಯಿ ಏರಿಸಿದವನಲ್ಲ.
ಅಕ್ಕರೆ ತೇವದ ಹಾಗೆ,
ತೂಕ ಹೆಚ್ಚಿಸುತ್ತದೆ, ದರವನ್ನಲ್ಲ.
ಹಾಗಂತ ಎಷ್ಟು ಮಂದಿಗೆ ಹೇಳಿಲ್ಲ!
ಹಾಗಾದರೆ ಎರಡು ರೂಪಾಯಿ ಅಂತ ಬರೆಯಲೇ?
ದಿನಕ್ಕೆ ಹದಿನೈದು ಪೈಸೆ ಅಂತ?
ಪೆನ್ನು ತೆಗೆದು ನಲವತ್ತೇಳು ಸಾವಿರ ಬರೆದೆ.
ಯಾಕೆ ಅಂತ ವಿನ್ಸೆಂಟ್ ಕೇಳಲಿಲ್ಲ,
ಶುಲ್ಕ ಲೆಕ್ಕ ಹಾಕಿ ಸಿಳ್ಳೆ ಹೊಡೆದ.

ಐದು ತಿಂಗಳಿಗೆ ಬಂತು.
ಹತ್ತಕ್ಕೆ ಎರಡು.
ಪೇಟೆಯಲ್ಲಿ ಒಂಬೈನೂರು ಸಿಕ್ಕರೆ ಪುಣ್ಯ.
ಹಮಾಲಿ ಬೂದ್ಯಪ್ಪ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ,
"ಅಣ್ಣೋ, ಇದನ್ನ ಓದೋದು ಯಾವ ಕಡೆಯಿಂದ?" ಅಂದ.
ಓದುವುದಿಲ್ಲ ಬೂದ್ಯಪ್ಪ. ತೆರೆದರೆ ಅಂಕ ರದ್ದು.
ನಾವು ಒಡೆದು ನೋಡಿ ದರ್ಜೆ ಹೇಳುತ್ತೇವೆ,
ಅವರು ದರ್ಜೆ ಹೇಳಿ ಮುಚ್ಚುತ್ತಾರೆ.

ಆದರೆ ಮೇಲಿನ ಚೀಟಿಯಲ್ಲಿ, ದೋಷಗಳ ಸಾಲಿನಲ್ಲಿ,
ತುಕ್ಕು, ಟೇಪು, ಮೊಹರು ಆದ ಮೇಲೆ
ಅಚ್ಚಾಗಿದೆ:
'ಪುಟ ಹದಿನಾಲ್ಕು. ಪೆನ್ಸಿಲ್ ಬರಹ.'
ಕನ್ನಡ ಬಾರದ ಯಾರೋ ಒಬ್ಬರು
ಬಿಳಿ ದೀಪದ ಕೆಳಗೆ, ಆ ಪುಟದಲ್ಲಿ
ನಿಂತಿದ್ದಾರೆ.
ಉಸಿರು ಹಿಡಿದರೋ, ಗೊತ್ತಿಲ್ಲ.

ತೂಕದ ಮೇಜಿನ ಮೇಲೆ ಇಟ್ಟಿದ್ದೇನೆ.
ಪಕ್ಕದಲ್ಲಿ ಅಡಕೊತ್ತು.